ಬಡ್ಡಿ ಸಮೇತ ವಾಪಸ್

ನಿನ್ನೆ ಸಂಜೆಯಿಂದ ನಾನು ಲಿಫ್ಟ್ ಹತ್ತಿಲ್ಲ. ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೇನೆ. ಲಿಫ್ಟಲ್ಲಿ ಐದನೇ ಮಹಡಿಯ ಬ್ಯಾಂಕ್ ಅಂಕಲ್ ಸಿಕ್ಕಿಬಿಟ್ಟರೆ ಅಂತ ಭಯ.

ಶುರುವಾಗಿದ್ದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ. ಹೆಸರಿಗೆ ರೇಷ್ಮೆ. ಆದರೆ ಅಲ್ಲಿ ನುಣ್ಣಗೆ ಜಾರುವುದು ನನ್ನ ನಾಲಿಗೆ ಮಾತ್ರ. ಯಾವನೋ ಬೈಕಿನವನು ಅಡ್ಡ ಬಂದ, ನನ್ನ ಬಾಯಿಂದ ‘ಬಡ್ಡಿಮಗ’ ಬಂತು. ಹಿಂದಿನ ಸೀಟಲ್ಲಿ ಎರಡನೇ ಕ್ಲಾಸಿನ ಮಗ ಕೂತಿದ್ದ. ಇವನಿಗೆ ಒತ್ತಕ್ಷರ ಬರಲ್ಲ ಅಂತ ಟೀಚರ್ ಎರಡು ಸಲ ಡೈರಿಯಲ್ಲಿ ಬರೆದು ಕಳಿಸಿದ್ದರು. ‘ಡ್ಡಿ’ ಮಾತ್ರ ಒಂದೇ ಏಟಿಗೆ ಬಂತು ನೋಡಿ!

ಅವತ್ತಿನಿಂದ ಮುರಿದ ಪೆನ್ಸಿಲ್ಲು ಬಡ್ಡಿಮಗ, ಗಟ್ಟಿ ಇಡ್ಲಿ ಬಡ್ಡಿಮಗ. ಹೆಂಡತಿ ಅವನನ್ನು ಬೈಯಲಿಲ್ಲ. ಸುಮ್ನೆ ನನ್ನನ್ನು ನೋಡಿದಳು.

ಹಳೇ ಹಾರ್ಲಿಕ್ಸ್ ಡಬ್ಬಿ ತೊಳೆದಿಟ್ಟೆವು. ಒಂದು ಬೈಗುಳಕ್ಕೆ ಒಂದು ರೂಪಾಯಿ ದಂಡ. ವಾರದ ಲೆಕ್ಕ: ಮಗ 6, ನಾನು 31, ಅಮ್ಮ ಸೊನ್ನೆ. ದಿನಕ್ಕೆ ಹತ್ತು ಸಲ ‘ಮುಂಡೇದು’ ಅನ್ನುವ ಅಮ್ಮ! “ಅದು ಬೈಗುಳ ಅಲ್ಲ ಕಣೋ, ಮುದ್ದು,” ಅಂದಳು. ಅಮ್ಮಾ, ಮುಂಡೆ ಅಂದರೆ ವಿಧವೆ ಅಂತ ಅರ್ಥ ಬಿಡಿಸಿ ಹೇಳಿದೆ. “ನಿನ್ನನ್ನೂ ಹಂಗೇ ಕರೆದು ಬೆಳೆಸಿದ್ದು. ಏನಾಯ್ತೀಗ?” ಅಂದಳು. ದಂಡ ವಸೂಲಾಗಲಿಲ್ಲ.

ಬೈಗುಳದ ಬದಲು ತರಕಾರಿ ಹೆಸರು ಹೇಳಿಸಿದೆವು. ಮಗ ಒಪ್ಪಿದ. ಮಾರನೇ ದಿನ ಟಿವಿ ರಿಮೋಟಿಗೆ “ಹಾಗಲಕಾಯಿ ಮಗನೇ” ಅಂದ. ತರಕಾರಿ ಬಂತು, ಮಗ ಹೋಗಲಿಲ್ಲ.

ಆಮೇಲೆ ನನ್ನ ಮಹಾ ಬುದ್ಧಿವಂತಿಕೆ. “ಬಡ್ಡಿ ಅಂದ್ರೇನಪ್ಪಾ?” ಅಂತ ಕೇಳಿದ. ಬ್ಯಾಂಕಲ್ಲಿ ದುಡ್ಡಿಟ್ಟರೆ ಮೇಲೆ ಸೇರಿಸಿ ಕೊಡ್ತಾರಲ್ಲ, ಅದು ಅಂದೆ. “ಹಾಗಾದ್ರೆ ಒಳ್ಳೇದು?” ಹೂಂ, ಒಳ್ಳೇದೇ. ಮಾತು ಮುಗೀತು ಅಂದುಕೊಂಡೆ.

ನಿನ್ನೆ ಲಿಫ್ಟಿನ ಬಾಗಿಲು ಮುಚ್ಚಿತು. ಒಳಗೆ ನಾನು, ಮಗ, ಅಂಕಲ್, ಅವರ ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

“ಅಂಕಲ್, ನೀವು ಬ್ಯಾಂಕಲ್ಲಿದ್ರಾ?”

“ಹೌದು ಪುಟ್ಟಾ. ಮೂವತ್ತಾರು ವರ್ಷ.”

“ಹಾಗಾದ್ರೆ ನೀವು ಬಡ್ಡಿಮಗನಾ?”

ಲಿಫ್ಟ್ ಎರಡನೇ ಮಹಡಿಯಲ್ಲಿ ನಿಂತಿತು. ಬಾಗಿಲು ತೆಗೆಯಿತು. ಯಾರೂ ಇಲ್ಲ. ಇಳಿದು ಓಡೋಣ ಅನ್ನಿಸಿತು. ಅಷ್ಟರಲ್ಲಿ ಮುಚ್ಚಿತು. ಬೇರೆ ದಿನ ಈ ಬಾಗಿಲು ಮುಚ್ಚಲು ಗುಂಡಿಯನ್ನು ನಾಲ್ಕು ಸಲ ಒತ್ತಬೇಕು.

“ಬಡ್ಡಿ ದರ ಕೇಳ್ತಿದ್ದಾನೆ ಸರ್,” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಂಕಲ್ ಸೊಪ್ಪಿನ ಕಟ್ಟನ್ನೇ ನೋಡುತ್ತಾ, “ನಮ್ಮಂಥ ಹಿರಿಯ ನಾಗರಿಕರಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ,” ಅಂದರು.

ಮಗನ ಮುಖ ಅರಳಿತು. “ಅಪ್ಪಾ, ಅಂಕಲ್ ಜಾಸ್ತಿ ಬಡ್ಡಿಮಗ!”

ರಾತ್ರಿ ಅಮ್ಮನಿಗೆ ಇದನ್ನು ಹೇಳಿದರೆ ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಮೊಮ್ಮಗನ ಕೆನ್ನೆ ಹಿಂಡಿ, “ಮುಂಡೇದೇ, ಬಾ ಊಟಕ್ಕೆ,” ಅಂದಳು. ಊರಲ್ಲಿ ದೀಪ ಹಚ್ಚೋ ಹೊತ್ತಿಗೆ ಬೀದಿ ಕೊನೆಗೂ ಕೇಳುವ ಹಾಗೆ ನನ್ನನ್ನು ಕರೆಯುತ್ತಿದ್ದದ್ದು ಇದೇ ಮಾತಲ್ಲಿ. ಈಗ ಅವಳ ದನಿ ಅಡುಗೆಮನೆ ದಾಟಲ್ಲ. ನನ್ನನ್ನು ಹಾಗೆ ಕರೆಯುವುದನ್ನು ಯಾವಾಗ ಬಿಟ್ಟಳೋ, ಗಮನಿಸಲೇ ಇಲ್ಲ.

ಮಗನ ಬಾಯಿ ಇವತ್ತು ಬೆಳಗ್ಗೆಯಿಂದ ಸ್ವಚ್ಛ. ಗೆದ್ದೆ ಅಂದುಕೊಂಡು ಸ್ಕೂಲಿಗೆ ಹೊರಟೆ. ಆಮೇಲೆ ಗೊತ್ತಾಯಿತು, ಡಬ್ಬಿಯ ದುಡ್ಡಲ್ಲಿ ಅವನಿಗೆ ಕ್ರಿಕೆಟ್ ಬ್ಯಾಟ್ ಕೊಡಿಸ್ತೀನಿ ಅಂತ ಅವನಮ್ಮ ಮಾತು ಕೊಟ್ಟಿದ್ದಾಳೆ. ಇನ್ನೂ ಇನ್ನೂರು ರೂಪಾಯಿ ಬೇಕಂತೆ.

ಹಿಂದಿನ ಸೀಟಿಂದ ಕೇಳಿದ: “ಅಪ್ಪಾ, ಇವತ್ತೂ ಸಿಲ್ಕ್ ಬೋರ್ಡ್ ಕಡೆಯಿಂದಾನೇ ಹೋಗೋಣ, ಅಲ್ವಾ?”