ಮಗು ಉಣ್ಣಲ್ಲ ಅಂತ ತಟ್ಟೆ ಹಿಡಿದು ಓಡುವವರಿಗೆ

ಎರಡು ವರ್ಷದ ಮಗುವಿಗೆ ಊಟ ಮಾಡಿಸೋದು ನಮ್ಮಲ್ಲಿ ಇಡೀ ಮನೆಯ ಕೆಲಸ. ಒಬ್ಬರು ಮೊಬೈಲ್ ಹಿಡಿಯುತ್ತಾರೆ, ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಅಜ್ಜಿ ಗುಮ್ಮನನ್ನು ಕರೆಯುತ್ತಾರೆ. ಕೊನೆಗೆ ಅನ್ನ ಬಿಟ್ಟು ಬಿಸ್ಕತ್ತು. ಮಗುವಿನ ಕಡೆಯಿಂದ ನೋಡಿ: ಬೇಡ ಅಂದರೆ ಕಾರ್ಟೂನ್, ಇನ್ನೂ ಬೇಡ ಅಂದರೆ ಬಿಸ್ಕತ್ತು. ಸುಮ್ನೆ ಉಂಡರೆ ಯಾರೂ ತಿರುಗಿಯೂ ನೋಡಲ್ಲ. ಮತ್ತೆ ಅದು ಯಾಕೆ ಉಣ್ಣಬೇಕು?

ಊಟದ ವಿಷಯದಲ್ಲಿ ಮೊದಲು ಬದಲಾಗಬೇಕಾದ್ದು ದೊಡ್ಡವರ ನಡವಳಿಕೆ ಅಂತ ನನ್ನ ಅಭಿಪ್ರಾಯ. ಏನು, ಯಾವಾಗ, ಎಲ್ಲಿ ಅನ್ನೋದು ನಮ್ಮದು. ಎಷ್ಟು ಅನ್ನೋದು ಮಗುವಿನದು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಈ ಹಂಚಿಕೆ ಕೇಳೋಕೆ ಸುಲಭ, ಪಾಲಿಸೋದು ಅತ್ತೆ ಎದುರಿಗೆ ಕಷ್ಟ.

ಮೊದಲ ವರ್ಷ ಮಗುವಿನ ತೂಕ ಹುಟ್ಟಿದಾಗಿನದರ ಸುಮಾರು ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಏರೋದು ಎರಡು, ಎರಡೂವರೆ ಕೆಜಿ ಅಷ್ಟೇ. ಹಸಿವು ಕಡಿಮೆಯಾಗೋದು ಸಹಜ ಅಲ್ವಾ? ಅದರ ಮೇಲೆ ದಿನಕ್ಕೆ ಲೀಟರ್‌ಗಟ್ಟಲೆ ಹಾಲು ಕುಡಿಸಿದರೆ ಅನ್ನಕ್ಕೆ ಜಾಗ ಎಲ್ಲಿ? ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ, ಅದರಿಂದ ಹಸಿವು ಇನ್ನೂ ಸಾಯುತ್ತದೆ.

ಹಾಗಾಗಿ ಊಟ ತಿಂಡಿಗೆ ಹೊತ್ತು ಗೊತ್ತು ಮಾಡಿ, ನಡುವೆ ನೀರು ಮಾತ್ರ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಅರ್ಧ ಗಂಟೆಯಾದ ಮೇಲೆ ಬೈಯದೆ ತಟ್ಟೆ ಎತ್ತಿ. ಬೇಡ ಅಂದಾಗ ಗಲಾಟೆ ಬೇಡ, ಒಂದು ತುತ್ತು ತಾನಾಗಿ ತಿಂದಾಗ ಮಾತಾಡಿಸಿ. ಹುರುಳಿಕಾಯಿ ಪಲ್ಯ ಮೊದಲ ದಿನ ಉಗುಳಿದರೆ ಆ ತರಕಾರಿಯ ಕಥೆ ಮುಗಿಯಲಿಲ್ಲ. ಹೊಸ ರುಚಿ ಒಗ್ಗೋಕೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ 'ನಮ್ಮ ಪಾಪುಗೆ ತರಕಾರಿ ಆಗಲ್ಲ' ಅಂತ ನೆಂಟರಿಗೆಲ್ಲ ಹೇಳಿಬಿಡುತ್ತೇವೆ, ಅದೂ ಪಾಪು ಎದುರಿಗೇ.

ಬಾಯಿ ತೆರೆಯುವವರೆಗೂ ಚಮಚವನ್ನು ತುಟಿಯ ಹತ್ತಿರವೇ ಹಿಡಿದಿಡುವ ಒಂದು ವಿಧಾನವೂ ಇದೆ. ತೀವ್ರ ತೊಂದರೆ ಇರುವ ಮಕ್ಕಳಿಗೆ ತಜ್ಞರು ಬಳಸುವಂಥದ್ದು, ಅವರಲ್ಲೇ ಅದರ ಬಗ್ಗೆ ಜಗಳವಿದೆ. ರೀಲ್ಸ್ ನೋಡಿ ಮನೆಯಲ್ಲಿ ಅದನ್ನು ಮಾಡೋದು ಹಿಂಸೆ, ಬೇರೆ ಹೆಸರಿಲ್ಲ.

ಎಲ್ಲವೂ ಹಟವೂ ಅಲ್ಲ. ನುಂಗುವಾಗ ಕೆಮ್ಮು, ಪದೇ ಪದೇ ವಾಂತಿ, ಮಲಬದ್ಧತೆ, ತೂಕ ಇಳಿಯೋದು, ತಿನ್ನೋ ಪದಾರ್ಥಗಳು ಒಂದೊಂದಾಗಿ ಬಿಟ್ಟುಹೋಗೋದು ಕಂಡರೆ ಮೊದಲು ಮಕ್ಕಳ ಡಾಕ್ಟರ್. ಬರೀ ಸಪೂರ ಇದೆ ಅನ್ನೋ ಚಿಂತೆಯಾದರೆ ಅಂಗನವಾಡಿಗೆ ಹೋಗಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿರೋ ಬೆಳವಣಿಗೆಯ ಗೆರೆ ನೋಡಿ. ಪಕ್ಕದ ಮನೆ ಗುಂಡಣ್ಣನ ಕೆನ್ನೆ ನೋಡಬೇಡಿ.