ದಡದಲ್ಲಿ ಉಳಿದ ನೊರೆ

2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡಿನಲ್ಲಿ, ಗುಡ್ಡಗಳ ನಡುವಿನ ಚಂದ್ರಂಪಳ್ಳಿ ಜಲಾಶಯದ ಬಳಿ, ಅನುಮತಿ ಪಡೆದು ಡೇರೆ ಹಾಕಲೆಂದು ನಾವು ಕಲಬುರಗಿಯಿಂದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ನಲ್ಲಿ, ಶೌಚಾಲಯಗಳಿಲ್ಲದ ಕಡೆ ತಂಗುವವರು ನೀರಿನಿಂದ ಕನಿಷ್ಠ 200 ಅಡಿ ದೂರದಲ್ಲಿ ಪಾತ್ರೆ ತೊಳೆಯಬೇಕು, ಅಷ್ಟೇ ದೂರದಲ್ಲಿ ಗೇಣಾಳದ ಗುಂಡಿ ತೋಡಿ ಮಲ ಮುಚ್ಚಬೇಕು. ಅದಕ್ಕೆ ಒಂದು ಕೊಡ ನೀರು ಹೊರುವಷ್ಟು ಸಹನೆ ಸಾಕು. ಆದರೆ ಬೆಳಗ್ಗೆ ಎದ್ದು ನೋಡಿದರೆ, ಪಕ್ಕದ ಗುಂಪಿನವರು ಬಿರಿಯಾನಿಯ ಪಾತೇಲಿಯನ್ನು ದಡದಲ್ಲೇ ಉಜ್ಜಿ, ಅನ್ನದ ಅಗುಳು, ಎಣ್ಣೆ ಬೆರೆತ ಬಿಳಿ ನೊರೆಯನ್ನು, ರಾತ್ರಿ ನೀರಿಗೆ ಬಂದ ಯಾವುದೋ ಪ್ರಾಣಿಯ ಗೊರಸಿನ ಗುರುತಿನ ಮೇಲೆಯೇ ಚೆಲ್ಲಿದ್ದರು. ಕೇಳಿದರೆ, “ಇಷ್ಟ್ ದೊಡ್ಡ ನೀರಿಗಿ ಒಂಚೂರು ಸಾಬೂನ್ ಏನ್ ಮಾಡ್ತದ್ರಿ?” ಎಂದರು. ಆ ಮಾತು ನನಗೆ ಈಗಲೂ ಸಂಕಟವಾಗಿ ಉಳಿದಿದೆ.