ದಾಕ್ಷಿಣ್ಯದ ಓಟ

ಮಲೆನಾಡಿನವರಿಗೆ ದಾಕ್ಷಿಣ್ಯ ಜಾಸ್ತಿ. ನೆಂಟರ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದಾಗಿರುತ್ತದೆ. ಆದರೂ "ಇನ್ನೊಂದೇ ಒಂದು ಕಡುಬು" ಅಂದರೆ ಸಾಕು, ಎಲೆಗೆ ಅಡ್ಡ ಹಿಡಿದ ಕೈ ತಾನಾಗಿ ಸರಿಯುತ್ತದೆ. ನನ್ನ ಹೊಟ್ಟೆ ಬೆಳೆದದ್ದು ಹೀಗೆ. ಈಗ ಅದನ್ನು ಕರಗಿಸುತ್ತಿರುವುದೂ ಇದೇ ದಾಕ್ಷಿಣ್ಯ.

ಐವತ್ತರ ಹೊಸ್ತಿಲಲ್ಲಿ ನನಗೆ ಮ್ಯಾರಥಾನ್ ಹುಚ್ಚು ಹಿಡಿಯಿತು. 42 ಕಿ.ಮೀ., ಅದರ ಮೇಲೆ ಕೊಸರು ಹಾಕಿದ ಹಾಗೆ 195 ಮೀಟರ್. ಮೊದಲ ಎರಡು ತಿಂಗಳು ಒಬ್ಬನೇ ಓಡಿದೆ. ಓಡಿದೆ ಅನ್ನುವುದಕ್ಕಿಂತ ಅಲಾರಾಂ ಜೊತೆ ಚೌಕಾಸಿ ಮಾಡಿದೆ ಅನ್ನಬೇಕು. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಕಂಬಳಿಯೊಳಗೆ ಸಿಗುವ ಸುಖ ಗೊತ್ತಲ್ವಾ? ಅಲಾರಾಂನ ಬಾಯಿ ಮುಚ್ಚಿಸಿದರೆ ಅದಕ್ಕೇನೂ ಬೇಜಾರಾಗುವುದಿಲ್ಲ. "ಯಾಕೆ ನಿನ್ನೆ ಬರಲಿಲ್ಲ?" ಎಂದೂ ಕೇಳುವುದಿಲ್ಲ.

ಬೆಳಿಗ್ಗೆ ಐದಕ್ಕೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದ ಹತ್ತಿರ ಸೇರುವ ಗುಂಪಿಗೆ ಸೇರಿಕೊಂಡ ಮೇಲೆ ಆಟ ಬದಲಾಯಿತು. ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಅಡಿಕೆ ವ್ಯಾಪಾರಿ, ರಾತ್ರಿ ಪಾಳಿ ಇಲ್ಲದ ದಿನ ಬರುವ ಒಬ್ಬ ನರ್ಸ್, ಮತ್ತೆ ಇಬ್ಬರು ಕಾಲೇಜು ಹುಡುಗರು. ಮೇಷ್ಟ್ರು ಐದಕ್ಕೆ ಐದು ನಿಮಿಷ ಇರುವಾಗಲೇ ಕೊಡೆ ಹಿಡಿದು ಬೀದಿ ದೀಪದ ಕೆಳಗೆ ನಿಂತಿರುತ್ತಾರೆ. ಅರವತ್ತು ದಾಟಿದ ಮನುಷ್ಯ ಮಳೆಯಲ್ಲಿ ಕಾಯುವಾಗ ನಾನು ಮಗ್ಗುಲು ಬದಲಿಸಿ ಮಲಗುವುದು ಹೇಗೆ? ಹಿಂದಿನ ದಿನ ನೆಂದ ಶೂ ಒಳಗೆ ಹಳೇ ಪೇಪರ್ ತುರುಕಿ ಬಚ್ಚಲ ಒಲೆಯ ಪಕ್ಕ ಇಟ್ಟಿರುತ್ತೇನೆ. ಹೊಗೆ ವಾಸನೆಯ ಆ ಶೂ ಹಾಕಿಕೊಂಡು ಹೊರಡುತ್ತೇನೆ.

ಗುಂಪಿನಲ್ಲಿ ಓಡಿದರೆ ವೇಗ ಹೆಚ್ಚುತ್ತದೆ ಅಂದುಕೊಂಡಿದ್ದೆ. ನನಗೆ ಆದದ್ದು ಉಲ್ಟಾ. ಒಬ್ಬನೇ ಇದ್ದಾಗ ಸುಮ್ನೆ ಹುರುಪಿನಿಂದ ಹಾರಿ, ಮೂರನೇ ಕಿಲೋಮೀಟರಿಗೆ ಏದುಸಿರು ಬಿಡುತ್ತಿದ್ದೆ. ಭಾನುವಾರದ ಉದ್ದ ಓಟ ಓಡಬೇಕಾದದ್ದು ಮಾತಾಡಿಕೊಂಡು ಹೋಗುವಷ್ಟು ನಿಧಾನವಾಗಿ. ಗಡಿಯಾರದ ಹಾಗೆ ಕೈಗೆ ಕಟ್ಟುವ ಯಂತ್ರಗಳು ಇದಕ್ಕೆ ಏನೇನೋ ಅಂಕಿ ತೋರಿಸುತ್ತವೆ. ನಮಗೆ ವ್ಯಾಪಾರಿಗಳಿದ್ದಾರೆ. ರಾಶಿ ಅಡಿಕೆಗೆ ಕ್ವಿಂಟಲಿಗೆ ಎಷ್ಟಾಯ್ತು, ಮುಂದಿನ ವಾರ ಏನಾಗಬಹುದು ಎಂದು ಅವರು ತಡೆಯಿಲ್ಲದೆ ಹೇಳುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ. "ಕ್ವಿಂಟಲಿಗೆ..." ಎಂದು ನಿಂತು, ನಾಲ್ಕು ಹೆಜ್ಜೆ ಆದಮೇಲೆ ರೇಟು ಬಂದರೆ ಹುಡುಗರು ತಾವಾಗಿ ನಿಧಾನ ಮಾಡುತ್ತಾರೆ.

ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನವರೆಗೆ ಹೋಗಿ ಬಂದರೆ ಸುಮಾರು 28 ಕಿ.ಮೀ. ನಡುವೆ ಗಾಜನೂರು, ತುಂಗಾ ಅಣೆಕಟ್ಟು. ಹಿನ್ನೀರಿನ ಕಡೆಯಿಂದ ಎದುರುಗಾಳಿ ಬಂದರೆ ನಾನು ವ್ಯಾಪಾರಿಗಳ ಬೆನ್ನ ಹಿಂದೆ ಸರಿದುಕೊಳ್ಳುತ್ತೇನೆ. ದೇವರು ಅವರಿಗೆ ಧಾರಾಳವಾದ ಬೆನ್ನು ಕೊಟ್ಟಿದ್ದಾನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿಗೆ ಮ್ಯಾರಥಾನ್ ದೂರ ಮುಗಿಸಿದಾಗ, ಸರದಿಯ ಮೇಲೆ ಅವರ ಸುತ್ತ ಓಡಿ ಗಾಳಿಗೆ ಮರೆಯಾದವರು 41 ಜನ. ಅದಕ್ಕೇ ಅದನ್ನು ಅಧಿಕೃತ ದಾಖಲೆ ಎಂದು ಲೆಕ್ಕ ಹಿಡಿಯಲಿಲ್ಲ. ನನ್ನ ಓಟಕ್ಕೆ ಆ ಭಯ ಇಲ್ಲ.

ನಾಯಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಒಬ್ಬನೇ ಓಡುವವನು ನಮ್ಮ ಊರಿನ ನಾಯಿಗಳ ಕಣ್ಣಿಗೆ ಕಳ್ಳ. ಆರು ಜನ ಓಡಿದರೆ ಮೆರವಣಿಗೆ. ಎರಡು ಸಲ ಬೊಗಳಿ ಸುಮ್ಮನಾಗುತ್ತವೆ.

ಕೊನೆಯ ಐದಾರು ಕಿಲೋಮೀಟರಿನಲ್ಲಿ ಮಾತ್ರ ಯಾರಿಗೂ ಮಾತು ಬೇಡ. ಮೈಯಲ್ಲಿದ್ದ ಶಕ್ತಿ ಬತ್ತಿ, ಕಾಲು ಬೇರೆಯವರದ್ದು ಅನ್ನಿಸುವ ಹೊತ್ತು ಅದು. ಆಗ ಪಕ್ಕದಲ್ಲಿ ಬರುವ ಹೆಜ್ಜೆ ಸದ್ದೇ ಸಾಕು. ಒದ್ದೆ ರಸ್ತೆಯ ಮೇಲೆ ಚಪ್ ಚಪ್ ಎಂದು ಹನ್ನೆರಡು ಕಾಲು. ಅದು ನಿಲ್ಲುವವರೆಗೆ ನನ್ನದೂ ನಿಲ್ಲುವುದಿಲ್ಲ.

ಮೊನ್ನೆ ಓಟ ಮುಗಿಸಿ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಮೇಷ್ಟ್ರಿಗೆ ನಿಜ ಹೇಳಿಬಿಟ್ಟೆ. "ಮೇಷ್ಟ್ರೇ, ನಿಮ್ಮ ಮೇಲಿನ ದಾಕ್ಷಿಣ್ಯಕ್ಕೆ ನಾನು ಏಳೋದು. ಇಲ್ಲದಿದ್ದರೆ ಏಳು ಗಂಟೆವರೆಗೆ ನಿದ್ದೆ."

ಅವರು ಚಟ್ನಿಯಲ್ಲಿ ಇಡ್ಲಿ ಅದ್ದುತ್ತಿದ್ದವರು ತಲೆ ಎತ್ತಿದರು.

"ಅಯ್ಯೋ ಮಾರಾಯ್ರೆ, ನೀವು ಬಂದು ಕಾಯ್ತೀರಲ್ಲ ಅಂತ ನಾನು ಏಳೋದು!"

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಇಷ್ಟು ದಿನ ಇಬ್ಬರೂ ಆರಾಮಾಗಿ ಮಲಗಬಹುದಿತ್ತಲ್ಲ ಎಂದು ಅವರಿಗೂ ಹೊಳೆದಿರಬೇಕು. ಕಾಫಿ ಬಂತು. ಮೇಷ್ಟ್ರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ನಾಳೆ ಐದಕ್ಕಲ್ವಾ?"

"ಐದಕ್ಕೇ ಮೇಷ್ಟ್ರೇ" ಅಂದೆ.